ಮಾರಿ ಕಾಣೋ ರೇಡಿಯೋ

ಹೊಸಗಟ್ಟಿ ಎಂಬ ಊರು ಆಡೂರಿನ ಆಚೆ, ಕೆರೆಯ ಏರಿ ಇಳಿದರೆ ಸಿಗುತ್ತದೆ. ಆ ಊರಿನ ಪಂಚಾಯತಿಗೆ ಚೇರಮನ್ನರು ಮಹಾಲಿಂಗಪ್ಪ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿನ ಯಜಮಾನಿಕೆ ಅವರ ಕೈ ತಪ್ಪಿ ಬೇರೊಬ್ಬನ ಕೈಗೆ ಹೋಗುತ್ತಿತ್ತು. ಪಂಚಾಯತಿಯ ಪಡಸಾಲೆಯಲ್ಲಿ ಒಂದು ಕಟ್ಟಿಗೆಯ ಕಪಾಟು, ಕಪಾಟಿನಲ್ಲಿ ರೇಡಿಯೋ, ಕಪಾಟಿಗೆ ಕೀಲಿ, ಕೀಲಿಕೈ ಉಳಿವೆಪ್ಪನ ಉಡದಾರದಲ್ಲಿ. ಅವನು ಕೀಲಿಕೈಯನ್ನು ಎಂದೂ ಬಿಚ್ಚುವವನಲ್ಲ. ಧೋತರ ಸರಿಸಿ, ಸೊಂಟವನ್ನೇ ಕಪಾಟಿಗೆ ಒತ್ತಿ ನಿಂತು ಕೀಲಿ ತೆಗೆಯುತ್ತಿದ್ದ. ಅಲ್ಲಿಯವರೆಗೆ ಧಾರವಾಡ ಆಕಾಶವಾಣಿಯವರು ಎಷ್ಟು ಮಾತಾಡಿದರೂ ಹೊಸಗಟ್ಟಿಯ ಮಟ್ಟಿಗೆ ಅವರು ಬಾಯಿ ತೆರೆದಂತಲ್ಲ.

ರೇಡಿಯೋ ಮುಂಬಯಿ ಸರ್ಕಾರ ಕೊಟ್ಟದ್ದು. ರಾಜ್ಯಗಳ ಗಡಿ ಬದಲಾದ ಮೇಲೆ ಅದಕ್ಕೆ ಬ್ಯಾಟರಿ ಮೈಸೂರು ಸರ್ಕಾರದಿಂದ ಬರುತ್ತಿತ್ತು. ಎರಡು ಸರ್ಕಾರಗಳು ಜಗಳವಿಲ್ಲದೆ ಸಂಸಾರ ಮಾಡುವುದನ್ನು ನೋಡಬೇಕೆಂದರೆ ನಮ್ಮ ಕಪಾಟಿಗೆ ಬರಬೇಕು ಎಂದು ಉಳಿವೆಪ್ಪ ಹೇಳಿಕೊಳ್ಳುತ್ತಿದ್ದ. ಸಣ್ಣ ಹೊಲದ ರೈತ, ಓದಿದ್ದು ಮೂರನೆಯ ಇಯತ್ತೆ. ಆದರೂ ರೇಡಿಯೋದ ಮಗ್ಗುಲಲ್ಲಿ ಕುಳಿತೂ ಕುಳಿತೂ, ಅದರಲ್ಲಿ ಬರುವ ಮಾತೆಲ್ಲ ತನ್ನ ಒಪ್ಪಿಗೆ ಪಡೆದೇ ಬರುತ್ತದೆ ಎನ್ನುವಂಥ ಗಾಂಭೀರ್ಯ ಅವನ ಮುಖಕ್ಕೆ ಬಂದಿತ್ತು. ಮಳೆಯ ಮುನ್ಸೂಚನೆ ಹುಸಿಯಾದರೆ ಜನ ಅವನನ್ನೇ ಬೈಯುತ್ತಿದ್ದರು. ಅವನೂ ತಲೆ ತಗ್ಗಿಸಿ, "ಇನ್ನೊಮ್ಮೆ ಹಂಗ ಆಗಂಗಿಲ್ಲ ಬಿಡ್ರಿ" ಎಂದು ಭರವಸೆ ಕೊಡುತ್ತಿದ್ದ.

ಇಂಥ ಅಧಿಕಾರವಂತನಿಗೂ ಒಂದು ಸಂಕಟವಿತ್ತು. ಅದು ಅವನ ಹೆಂಡತಿ ಅನ್ನವ್ವನದು. ಹಿಂದಿನ ವರ್ಷ ಬಂದ ವಿಷಮಜ್ವರ ಅವಳನ್ನು ಉಳಿಸಿ, ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ರೇಡಿಯೋದಲ್ಲಿ ಸಂಜೆ ಬಂದ ಹಾಡನ್ನು ಮರುದಿನ ಬೀಸುವ ಕಲ್ಲಿನ ಮುಂದೆ ಒಪ್ಪಿಸುತ್ತಿದ್ದ ಹೆಂಗಸು ಅವಳು. ಕಿವಿ ಹೋದ ಮೇಲೂ ಪಂಚಾಯತಿಗೆ ಬರುವುದನ್ನು ಬಿಡಲಿಲ್ಲ. ಪಕ್ಕದ ಮನೆಯ ಸರೋಜವ್ವನ ಬೆನ್ನ ಹಿಂದೆ ಕೂಡುತ್ತಿದ್ದಳು. ಸರೋಜವ್ವ ನಕ್ಕರೆ ಅವಳ ಭುಜ ಕುಣಿಯುತ್ತಿತ್ತು. ಭುಜ ಕುಣಿದದ್ದನ್ನು ನೋಡಿ ಅನ್ನವ್ವ ನಗುತ್ತಿದ್ದಳು, ಉಳಿದವರಿಗಿಂತ ತುಸು ತಡವಾಗಿ. ಕಪಾಟಿನ ಪಕ್ಕದಲ್ಲಿ ನಿಂತ ಉಳಿವೆಪ್ಪನಿಗೆ ಮಾತ್ರ ಇದು ಗೊತ್ತಿತ್ತು.

ಒಂದು ಸಂಜೆ ರೇಡಿಯೋದಲ್ಲಿ ಹಾಡು ನಡುವೆಯೇ ನಿಂತು, ಯಾವುದೋ ದೂರದ ದೇಶದ ದೊಡ್ಡ ಮನುಷ್ಯರು ತೀರಿಕೊಂಡ ಸುದ್ದಿ ಬಂತು. ಅವರ ಹೆಸರು, ದೇಶ ಯಾವುದೂ ಹೊಸಗಟ್ಟಿಯ ಯಾರಿಗೂ ಗೊತ್ತಿರಲಿಲ್ಲ. ಆದರೆ ದುಃಖಪಡುವುದರಲ್ಲಿ ಊರು ಹಿಂದೆ ಬೀಳಲಿಲ್ಲ. ಮಹಾಲಿಂಗಪ್ಪನವರು ತಲೆಯ ಪಟಗ ತೆಗೆದು ಎದ್ದು ನಿಂತರು. ಊರೆಲ್ಲ ಎದ್ದು ನಿಂತಿತು. ಸರಿಯಾಗಿ ಆ ಹೊತ್ತಿಗೆ ಸರೋಜವ್ವನಿಗೆ, ಬಾಯಲ್ಲಿದ್ದ ಶೇಂಗಾಕಾಳು ನೆತ್ತಿಗೆ ಹತ್ತಿತು. ಕೆಮ್ಮು ಬರಬಾರದ ಹೊತ್ತಿನಲ್ಲಿ ಬಂತಲ್ಲ ಎಂದು ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಸದ್ದು ನಿಂತಿತು, ಭುಜ ನಿಲ್ಲಲಿಲ್ಲ. ಹಿಂದಿದ್ದ ಅನ್ನವ್ವ ಆ ಕುಣಿತವನ್ನು ನೋಡಿ, ಇವತ್ತು ಎದ್ದು ನಿಂತು ನಗುವಷ್ಟು ದೊಡ್ಡ ಹಾಸ್ಯವೇ ಬಂದಿದೆ ಎಂದುಕೊಂಡು, ಬಾಯಿ ತುಂಬ ನಕ್ಕಳು.

ಸಾವಿನ ಮನೆಯಂತಿದ್ದ ಪಡಸಾಲೆಯಲ್ಲಿ ಆ ನಗು ಒಂದೇ ಕೇಳಿಸಿತು. ಮಹಾಲಿಂಗಪ್ಪನವರು ಪಟಗ ಸುತ್ತಿಕೊಳ್ಳುತ್ತ, ಉಳಿವೆಪ್ಪನ ಕಡೆ ತಿರುಗಿದರು.

"ಉಳಿವೆಪ್ಪ, ಸಿಟ್ಟಿಗೇಳಬ್ಯಾಡ. ನಿನ್ನ ಹೇಣ್ತಿಗೆ ಕಿವಿ ಕೇಳಂಗಿಲ್ಲ. ರೇಡಿಯೋ ಅನ್ನೂದು ಕಿವಿ ಇದ್ದವರ ಸಾಮಾನು. ಆಕಿ ಇನ್ನ ಮನ್ಯಾಗ ಇರೂದ ಚಲೋ."

ಅನ್ನವ್ವನಿಗೆ ಮಾತು ಕೇಳಿಸಲಿಲ್ಲ. ಆದರೆ ಎಲ್ಲರ ಮುಖ ತನ್ನ ಕಡೆ ತಿರುಗಿದ್ದು ಕಂಡಿತು. ಅವಳು ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಯಾರನ್ನೂ ನೋಡದೆ ಹೊರಟು ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಉಳಿವೆಪ್ಪ ಊಟ ಮಾಡುವಾಗ ಅವಳ ಕೈ ಹಿಡಿದು, ಪಂಚಾಯತಿಯ ಕಡೆ ಬೊಟ್ಟು ಮಾಡಿ, ಬಾ ಎಂದು ಸನ್ನೆ ಮಾಡಿದ. ಅವಳು ಕಿವಿ ಮುಟ್ಟಿಕೊಂಡು ತಲೆಯಾಡಿಸಿ, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಆ ರೊಟ್ಟಿಯನ್ನು ಮುಟ್ಟದೆ ಎದ್ದ.

ಆಗ ಅವನ ನೆನಪಿಗೆ ಬಂದದ್ದು ಹುಬ್ಬಳ್ಳಿಯ ಸ್ಟೇಷನ್ನಿನಲ್ಲಿ ಯಾರೋ ಓದುತ್ತಿದ್ದ ಪತ್ರಿಕೆಯ ಮಾತು. ದಿಲ್ಲಿಯಲ್ಲಿ ಹೊಸದೊಂದು ಯಂತ್ರ ಬಂದಿದೆ, ಅದರಲ್ಲಿ ಮಾತಾಡುವವರ ಮುಖವೂ ಕಾಣುತ್ತದೆ, ಮುಂದೆ ಎಲ್ಲ ಕಡೆ ಅದೇ ಬರಲಿದೆ ಎಂದು ಆ ಮನುಷ್ಯ ಪಕ್ಕದವನಿಗೆ ಹೇಳುತ್ತಿದ್ದ. ಉಳಿವೆಪ್ಪ ಅದನ್ನು ಅರ್ಧ ಕೇಳಿ, ಗಾಡಿ ಬಂತೆಂದು ಓಡಿದ್ದ. ಆ ಅರ್ಧಕ್ಕೆ ಈಗ ಸಿಟ್ಟು ಸೇರಿ ಪೂರ್ತಿಯಾಯಿತು. ಮರುದಿನ ಸಂಜೆ ಕಪಾಟಿನ ಮುಂದೆ ನಿಂತು, ಕೀಲಿ ತೆಗೆಯದೆ, ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟ.

"ಇನ್ನ ಮ್ಯಾಲೆ ಕಿವಿ ಇದ್ದವರದ ಕಾರಭಾರ ಮುಗೀತು. ಮಾರಿ ಕಾಣೋ ರೇಡಿಯೋ ಬರಾಕತ್ತೈತಿ. ಮಾತಾಡವ್ರ ಮಾರಿ, ಕೈ, ಮೈ ಎಲ್ಲಾ ಅದರಾಗ ಕಾಣ್ತತಿ. ಕಣ್ಣ ಇದ್ದವರಿಗೆ ಮುಂದಿನ ಸಾಲು. ಕಣ್ಣ ಮಬ್ಬ ಇದ್ದವರು ಹಿಂದ!"

ಮಹಾಲಿಂಗಪ್ಪನವರಿಗೆ ಕಣ್ಣು ಮಬ್ಬಿತ್ತು. ಅವರು ಕಣ್ಣು ಕಿರಿದು ಮಾಡಿ ಕೇಳಿದರು.

"ಯಾವಾಗ ಬರ್ತತಿ?"

ಇಲ್ಲಿ ಉಳಿವೆಪ್ಪ ಸುಮ್ಮನಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳುವವನಿಗೆ ನಿಲ್ಲುವ ಜಾಗ ಗೊತ್ತಿರುವುದಿಲ್ಲ. "ಬ್ಯಾಟರಿ ತೀರಾಕ ಬಂದೈತಿ. ಹಯಾತ ಸಾಹೇಬ್ರು ಹೊಸಾ ಬ್ಯಾಟರಿ ತರೂ ದಿನ ಅದನ್ನೂ ತರ್ತಾರ" ಎಂದ. ಹಯಾತ ಎಂದರೆ ಬ್ಯಾಟರಿ ಬದಲಿಸಲು ಜೀಪಿನಲ್ಲಿ ಬರುವ ಮೆಕ್ಯಾನಿಕ್. ಊರಿನವರ ಕಣ್ಣಿಗೆ ಆ ಜೀಪಿನಲ್ಲಿ ಬರುವುದೆಲ್ಲ ಸರ್ಕಾರವೇ.

ಮೊದಲ ಪ್ರಶ್ನೆ ಎತ್ತಿದವಳು ಸರೋಜವ್ವ. ಅವಳಿಗೆ ಮದುವೆಗೆ ಬಂದ ಮಗಳಿದ್ದಳು, ದುರಗವ್ವ. ಕನ್ಯಾ ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆಂದು, ಹೇಳಿ ಕಳಿಸುತ್ತಿರಲಿಲ್ಲ.

"ಉಳಿವೆಪ್ಪಣ್ಣ, ಅವರ ಮಾರಿ ನಮಗ ಕಾಣೂದು ಖರೆ. ನಮ್ಮ ಮಾರಿ ಅವರಿಗೆ ಕಾಣ್ತತೇನು?"

ಉಳಿವೆಪ್ಪ ಇದನ್ನು ಯೋಚಿಸಿರಲಿಲ್ಲ. ಆದರೆ ಕೀಲಿಕೈ ಇದ್ದವನು ಗೊತ್ತಿಲ್ಲ ಎನ್ನಬಹುದೇ? ಕಣ್ಣು ಮುಚ್ಚಿ, ಒಳಗಿನ ಯಂತ್ರವನ್ನೆಲ್ಲ ಒಮ್ಮೆ ಬಿಚ್ಚಿ ಜೋಡಿಸಿದವನಂತೆ ಮುಖ ಮಾಡಿ, "ಅಲ್ಲ ತಂಗಿ, ಕನ್ಯಾ ನೋಡಾಕ ಬಂದವರು ಹುಡುಗೀನ್ನ ನೋಡುಮುಂದ ಹುಡುಗಿ ಅವರನ್ನ ನೋಡಂಗಿಲ್ಲೇನು? ನೋಡೂದು ಅಂದ್ರ ಎರಡೂ ಕಡಿಂದ" ಎಂದ. ಕನ್ಯಾ ನೋಡಿದ ಊರಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿರಲಿಲ್ಲ. ಮಾತು ಪಡಸಾಲೆ ಇಳಿದು ಓಣಿ ಓಣಿಗೆ ಹೋಯಿತು.

ಅಂದಿನಿಂದ ಹೊಸಗಟ್ಟಿ ತಿದ್ದಿಕೊಳ್ಳತೊಡಗಿತು. ಹೊಸ ರೇಡಿಯೋ ಬರುವ ಮೊದಲೇ ಅಭ್ಯಾಸ ಆಗಲೆಂದು ಹಳೆಯ ರೇಡಿಯೋದ ಮುಂದೆ ಯಾರೂ ಕಾಲು ಚಾಚುತ್ತಿರಲಿಲ್ಲ. ಬೀಡಿ ಸೇದುವವರು ಕಂಬದ ಮರೆಗೆ ಹೋಗುತ್ತಿದ್ದರು. ಧಾರವಾಡದಿಂದ ನಮಸ್ಕಾರ ಎಂದು ಬಂದರೆ ಊರೆಲ್ಲ ಕೈಮುಗಿದು "ನಮಸ್ಕಾರ್ರಿ" ಎನ್ನುತ್ತಿತ್ತು. ಗೋಡೆಗೆ ಸುಣ್ಣ ಬಿತ್ತು. ಸರೋಜವ್ವ ಮಗಳನ್ನು ರೇಡಿಯೋದ ಎದುರಿಗೇ, ಬಲ ಮಗ್ಗುಲು ಕಾಣುವಂತೆ ಕೂಡಿಸತೊಡಗಿದಳು, ಎಡಗೆನ್ನೆಯಲ್ಲಿ ಸಣ್ಣ ಕಲೆ ಇತ್ತಾದ್ದರಿಂದ. ಸುದ್ದಿ ಓದುವವರ ದನಿ ಕೇಳಿ, "ಹುಡುಗ ಓದಿದಾವ, ಪಗಾರ ಐತಿ, ದನಿಯಾಗ ಮೂಗಿಲ್ಲ" ಎಂದು ಲೆಕ್ಕ ಹಾಕಿದ್ದಳು.

ಮಹಾಲಿಂಗಪ್ಪನವರು ಶಿಗ್ಗಾಂವಿಗೆ ಹೋಗಿ ಕಣ್ಣಿಗೆ ಚಾಳೀಸು ಮಾಡಿಸಿಕೊಂಡು ಬಂದರು. ಅವರಿಗೆ ಬೇರೊಂದು ವಿಚಾರವಿತ್ತು. ಕೆರೆಯ ತೂಬು ಒಡೆದು ವರ್ಷಗಳಾಗಿದ್ದವು. ಮಂತ್ರಿಗಳು ರೇಡಿಯೋದಲ್ಲಿ ಭಾಷಣ ಮಾಡಲು ಬರುತ್ತಾರಲ್ಲ, ಆಗ ಮುಖ ಕೊಟ್ಟು ಕೇಳಿಯೇ ಬಿಡುವುದು ಎಂದು ನಿಶ್ಚಯಿಸಿದ್ದರು. ಕನ್ನಡಿಯ ಮುಂದೆ ನಿಂತು "ಏನ್ ಸಾಹೇಬ್ರ, ತೂಬಿನ ವಿಚಾರ ಏನ್ ಮಾಡಿದ್ರಿ?" ಎಂದು ಹುಬ್ಬು ಏರಿಸುವುದನ್ನು ಅವರ ಮನೆಯವರೆಲ್ಲ ನೋಡಿದ್ದರು.

ಸವಣೂರಿನಿಂದ ವೀಳ್ಯದೆಲೆಯ ಪೆಂಡಿ ಹೊತ್ತು ಸಂತೆಗೆ ಬರುವ ಫಕ್ರುಸಾಬನಿಗೆ ಇನ್ನೊಂದು ತೊಡಕು.

"ಉಳಿವೆಪ್ಪಣ್ಣ, ನಮ್ಮ ಮನಿಯಾಕಿ ಮುಮ್ತಾಜಬೇಗಂ ನಾನೂ ನೋಡ್ತೇನಿ ಅಂತ ಹಟ ಹಿಡದಾಳ. ಪರದಾ ಬಿಟ್ಟು ಬರಾಕಿ ಅಲ್ಲ. ರೇಡಿಯೋದಾಗಿನ ಮನಷ್ಯಾ ಆಕೀನ್ನ ನೋಡಬಾರದು, ಆಕಿ ಮಾತ್ರ ಅವನ್ನ ನೋಡಬೇಕು. ಏನರೆ ಮಾಡು."

"ಪರದಾ ಆಕಿಗೆ ಯಾಕ? ರೇಡಿಯೋಕ್ಕ ಹಾಕೂಣು" ಎಂದು ಉಳಿವೆಪ್ಪ ತೀರ್ಪು ಕೊಟ್ಟ. ಪರದೆಯ ಸಣ್ಣ ತೂತಿನಿಂದ ಹೊರಗಿನವರಿಗೆ ಒಳಗಿನದು ಕಾಣುತ್ತದೆ, ಒಳಗಿನವರಿಗೆ ಹೊರಗಿನದು ಕಾಣುವುದಿಲ್ಲ ಎಂದೂ ಸೇರಿಸಿದ. ತನ್ನ ಬುದ್ಧಿ ಈ ಮಟ್ಟಕ್ಕೆ ಯಾವಾಗ ಬೆಳೆಯಿತೆಂದು ಅವನಿಗೇ ಸೋಜಿಗವಾಯಿತು. ಫಕ್ರುಸಾಬ ಖುಷಿಯಾಗಿ, ಅವತ್ತಿನ ಅತಿಥಿಗಳಿಗೆಲ್ಲ ಎಲೆ ತನ್ನದೇ ಎಂದು ಮಾತು ಕೊಟ್ಟ. ಅತಿಥಿಗಳಲ್ಲಿ ರೇಡಿಯೋದೊಳಗಿನವರೂ ಸೇರಿದ್ದರು.

ಹಗಲೆಲ್ಲ ಹೀಗೆ ಹಿಗ್ಗಿದ ಉಳಿವೆಪ್ಪ ಮನೆಗೆ ಬಂದಾಗ ಕುಗ್ಗುತ್ತಿದ್ದ. ಬ್ಯಾಟರಿ ತೀರುತ್ತ ರೇಡಿಯೋದ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅದು ಪೂರ್ತಿ ನಿಂತರೆ ಹಯಾತ ಬರುತ್ತಾನೆ, ಹಯಾತ ಬಂದರೆ ತನ್ನ ಬಂಡವಾಳ ಬಯಲಾಗುತ್ತದೆ. ನಾಚಿಕೆಯಾದರೆ ಆಗಲಿ, ಹೇಳಿಬಿಡೋಣ ಎಂದು ಅವನು ಒಂದು ದಿನ ಗಟ್ಟಿ ಮನಸ್ಸು ಮಾಡಿದ. ಅವತ್ತೇ ಬ್ಲಾಕ್ ಆಫೀಸಿನ ಸಾಹೇಬರು ಊರಿಗೆ ಬಂದರು.

ಮಹಾಲಿಂಗಪ್ಪನವರು ಚಾಳೀಸು ಸರಿಮಾಡಿಕೊಂಡು ಕೇಳಿದರು. "ಸಾಹೇಬ್ರ, ನಮ್ಮೂರಿಗೆ ಮಾರಿ ಕಾಣೋ ರೇಡಿಯೋ ಬರೂದು ತಮಗ ಗೊತ್ತೈತೆಲ್ರಿ?"

ಸಾಹೇಬರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂಬ ಮಾತನ್ನು ಅವರ ಇಲಾಖೆಯಲ್ಲಿ ಯಾರೂ ಅವರಿಗೆ ಕಲಿಸಿರಲಿಲ್ಲ. ತುಸು ಕೆಮ್ಮಿ, "ಹೌದು ಹೌದು, ಯೋಜನೆಯಲ್ಲಿದೆ. ಮೊದಲನೇ ಹಂತದಲ್ಲೇ ಹೊಸಗಟ್ಟಿ ಇದೆ. ನಾನೇ ಹಾಕಿಸಿದ್ದು" ಎಂದರು.

ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದಿದ್ದ ಉಳಿವೆಪ್ಪ ಬಾಯಿ ತೆರೆದುಕೊಂಡೇ ನಿಂತ. ತಾನು ಹೇಳಿದ್ದು ಸುಳ್ಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸರ್ಕಾರವೇ ಹೌದೆಂದ ಮೇಲೆ ಅಲ್ಲವೆನ್ನಲು ತಾನು ಯಾರು? ಬಹುಶಃ ತನಗೆ ಗೊತ್ತಿಲ್ಲದೆ ತಾನು ನಿಜವನ್ನೇ ಹೇಳಿರಬೇಕು. ಹೀಗೆ ಯೋಚಿಸುತ್ತ ಯೋಚಿಸುತ್ತ ಅವನು ಮನೆಗೆ ಓಡಿದ.

ಅನ್ನವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೈಯಿಂದ ಗಾಳಿಯಲ್ಲಿ ಪೆಟ್ಟಿಗೆ ಬರೆದ. ಪೆಟ್ಟಿಗೆಯ ನಡುವೆ ತನ್ನ ಮುಖ ಇಟ್ಟು ಬಾಯಿ ಆಡಿಸಿದ. ಕಿವಿ ತೋರಿಸಿ ಬೇಡವೆಂದು ಕೈಯಾಡಿಸಿದ. ಕಣ್ಣು ತೋರಿಸಿ ಸಾಕೆಂದ. ಕೊನೆಗೆ ಅವಳನ್ನು ತೋರಿಸಿ, ಮುಂದಿನ ಸಾಲು ಎಂದು ನೆಲ ತಟ್ಟಿದ. ಅನ್ನವ್ವ ಮೊರ ಕೆಳಗಿಟ್ಟಳು. ಮೊದಲು ಅವನಿಗೆ ತಲೆ ನೆಟ್ಟಗಿದೆಯೇ ಎಂದು ನೋಡಿದಳು. ಆಮೇಲೆ ಅವಳಿಗೆ ತಿಳಿಯಿತು.

"ಖರೇನ?" ಎಂದಳು. ಕಿವಿ ಹೋದ ಮೇಲೆ ಅವಳ ದನಿ ದೊಡ್ಡದಾಗಿತ್ತು, ಮೂರು ಮನೆಯ ಆಚೆಗೆ ಕೇಳಿಸಿತು. "ನನಗೂ ತಿಳೀತತಿ? ಮಂದಿ ನಕ್ಕಾಗ ನಾನೂ ನಗಬಹುದು?"

ಉಳಿವೆಪ್ಪ ಎದೆ ಮುಟ್ಟಿಕೊಂಡು ಹೌದೆಂದ. ಅವಳು ಮದುವೆಯ ಇಳಕಲ್ಲು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಆ ಸೀರೆ ಹಗ್ಗದ ಮೇಲೆ ಆಡುವುದನ್ನು ನೋಡಿದ ಮೇಲೆ, ಇದು ನಿಜವಾಗಲೇಬೇಕೆಂದು ಉಳಿವೆಪ್ಪ ಹೊತ್ತು ಹೊತ್ತಿಗೆ ದೇವರನ್ನು ಬೇಡತೊಡಗಿದ.

ಬ್ಯಾಟರಿ ತೀರಿತು. ಹಯಾತನ ಜೀಪು ಬರುವ ದಿನ ಬಂತು.

ಕೆರೆಯ ಏರಿ ಇಳಿಯುತ್ತಿದ್ದ ಹಯಾತ, ಮುಂದೆ ಹಲಗೆ ಬಾರಿಸುತ್ತಿರುವ ಗುಂಪನ್ನು ಕಂಡು, ಯಾರದೋ ಮದುವೆಯೆಂದು ಜೀಪು ಬದಿಗೆ ಹಾಕಿ ದಾರಿ ಬಿಟ್ಟ. ಗುಂಪು ಅವನ ಮುಂದೆಯೇ ಬಂದು ನಿಂತಿತು. ಮಹಾಲಿಂಗಪ್ಪನವರು ಹಾರ ಹಾಕಿದರು. ಹೆಂಗಸರು ಆರತಿ ಎತ್ತಿದರು. ಅವನು ಬಾಯಿ ಬಿಡುವ ಮೊದಲೇ ಇಬ್ಬರು ಗಟ್ಟಿ ಆಳುಗಳು ಬ್ಯಾಟರಿಯ ರಟ್ಟಿನ ಡಬ್ಬಿಯನ್ನು ಹೊತ್ತುಕೊಂಡು, "ಹುಷಾರು, ಒಳಗ ಮಂದಿ ಅದಾರ!" ಎನ್ನುತ್ತ ಮೆರವಣಿಗೆ ಹೊರಟರು.

ತಡಸದಿಂದ ಊರವರ ಬೀಗರು ಬಂದಿದ್ದರು. ಸವಣೂರಿನಿಂದ ಫಕ್ರುಸಾಬನ ಗಾಡಿ ಬಂದಿತ್ತು. ಬ್ಲಾಕಿನ ಸಾಹೇಬರು ಹೆಂಡತಿಯನ್ನೂ ಕರೆದುಕೊಂಡು ಬಂದು ಖುರ್ಚಿಯಲ್ಲಿ ಕುಳಿತಿದ್ದರು. ಕಪಾಟಿನ ಮುಂದೆ ಒಂದು ತಾಟಿನಲ್ಲಿ ಎಲೆ, ಅಡಿಕೆ, ಅವಲಕ್ಕಿ ಇಟ್ಟಿದ್ದರು. ಗ್ಯಾಸ್‌ಬತ್ತಿ ಆಗಲೇ ಹೊತ್ತಿತ್ತು. ಮುಂದಿನ ಸಾಲಿನ ನಟ್ಟ ನಡುವೆ, ಇಳಕಲ್ಲು ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಅನ್ನವ್ವ ಕುಳಿತಿದ್ದಳು. ಮುಖ ನೋಡಿದರೆ ಹೊಸ ಮದುಮಗಳು ಅನ್ನಬೇಕು.

ಉಳಿವೆಪ್ಪ ಹಯಾತನನ್ನು ಕಪಾಟಿನ ಮರೆಗೆ ಎಳೆದ.

"ಹಯಾತ ಸಾಹೇಬ್ರ, ತಂದೀರೇನ್ರಿ?"

"ಬ್ಯಾಟರಿ ತಂದೇನಿ ಕಾಕಾ."

"ಅಷ್ಟನ?"

"ಮತ್ತೇನ್ ತರಬೇಕಿತ್ತು?"

ಉಳಿವೆಪ್ಪ ಇದ್ದುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಹಯಾತ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕಾಕಾ, ಅಂಥಾದ್ದು ದಿಲ್ಲಿಯಾಗ ಐತಿ ಅಂತ ನಾನೂ ಕೇಳೇನಿ. ನಮ್ಮ ಕಡೆ ಬರಾಕ ಇನ್ನೆಷ್ಟ ವರ್ಷ ಬೇಕೋ ದೇವರಿಗೆ ಗೊತ್ತು. ನಾ ಅದರ ಚಿತ್ರಾನೂ ನೋಡಿಲ್ಲ" ಎಂದು, ತಾನು ಮಾಡಬಲ್ಲ ಕೆಲಸ ಒಂದನ್ನು ಮಾಡಿದ. ಬ್ಯಾಟರಿ ಜೋಡಿಸಿ ಹಿಂದೆ ಸರಿದ.

ರೇಡಿಯೋ ಗಟ್ಟಿಯಾಗಿ ಮಾತಾಡಿತು. ಹಳ್ಳಿಯವರಿಗಾಗಿ ಕಾರ್ಯಕ್ರಮ, ನಮಸ್ಕಾರ. ಊರೆಲ್ಲ ಕೈಮುಗಿಯಿತು. ಸರೋಜವ್ವ ಮಗಳ ಗಲ್ಲ ಹಿಡಿದು ಬಲಕ್ಕೆ ತಿರುಗಿಸಿದಳು. ಕಪಾಟಿನ ಒಂದು ಮಗ್ಗುಲಿಗಷ್ಟೇ ಕಟ್ಟಿದ ಪರದೆಯ ಬುಡದಲ್ಲಿ ಕುಳಿತ ಮುಮ್ತಾಜಬೇಗಂ ತೂತಿಗೆ ಕಣ್ಣು ಹಚ್ಚಿದಳು. ಎಲ್ಲರೂ ರೇಡಿಯೋದ, ದನಿ ಬರುವ ಬಟ್ಟೆಯ ಮುಖವನ್ನು ನೋಡುತ್ತ ಕುಳಿತರು. ಬಟ್ಟೆಯೂ ಅವರನ್ನು ನೋಡುತ್ತ ಕುಳಿತಿತು.

"ಮಾರಿ ಎಲ್ಲಿ?" ಎಂದು ಮಹಾಲಿಂಗಪ್ಪನವರು ಚಾಳೀಸು ಒರೆಸಿಕೊಂಡರು. "ನನಗಷ್ಟ ಕಾಣವಲ್ದೋ, ನಿಮಗೂ ಕಾಣವಲ್ದೋ?"

ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಖುರ್ಚಿಯಲ್ಲಿ ನೆಟ್ಟಗಾಗಿ, "ಮೊದಲನೇ ಹಂತದಲ್ಲಿ ದನಿ ಮಾತ್ರ" ಎಂದರು.

"ದನಿ ಮೊದಲಿಂದ್ಲೂ ಐತೆಲ್ರಿ!" ಎಂದು ತಡಸದ ಬೀಗರು ಎದ್ದರು. ಗುಜುಗುಜು ಎದ್ದಿತು. ಉಳಿವೆಪ್ಪ, ಉಳಿವೆಪ್ಪ ಎಂದು ನಾಲ್ಕು ಕಡೆಯಿಂದ ಕೂಗಿದರು. ಉಳಿವೆಪ್ಪ ಓಡಿ ಹೋಗಬೇಕೆಂದು ಬಾಗಿಲು ನೋಡಿದ. ಹಾಗೆ ನೋಡುವಾಗ ಅವನ ಕಣ್ಣು ಅನ್ನವ್ವನ ಮೇಲೆ ಬಿತ್ತು.

ಅವಳಿಗೆ ಗದ್ದಲ ಕೇಳಿಸಿರಲಿಲ್ಲ. ಯಂತ್ರವಿರಲಿ ಇಲ್ಲದಿರಲಿ, ಗಂಡ ಎದೆ ಮುಟ್ಟಿಕೊಂಡು ಹೇಳಿದ್ದಾನೆ, ಇನ್ನೇನು ಬರುತ್ತದೆ ಎಂಬ ನಂಬಿಕೆಯಲ್ಲಿ ಕಣ್ಣು ಮಿಟುಕಿಸದೆ ಪೆಟ್ಟಿಗೆಯನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯನ್ನು ಬಿಟ್ಟು ಅವನನ್ನು ನೋಡಿದಳು. ಇನ್ನೂ ನಗುತ್ತಲೇ ಇದ್ದಳು. ಆ ನಗುವಿಗೆ ಬೆನ್ನು ತಿರುಗಿಸಿ ಹೋಗುವುದು ಉಳಿವೆಪ್ಪನಿಂದ ಆಗಲಿಲ್ಲ. ಊರೆದುರು ಮಾನ ಹೋಗುವುದು ಹೇಗೂ ಹೋಗುತ್ತದೆ, ಅವಳಿಗೊಂದಿಷ್ಟು ನಗು ಕೊಟ್ಟು ಹೋಗಲಿ ಎನಿಸಿತು.

ರೇಡಿಯೋದಲ್ಲಿ ಆಗ ಹತ್ತಿಯ ಕಾಯಿಕೊರಕ ಹುಳದ ಮಾತು ನಡೆದಿತ್ತು. ಉಳಿವೆಪ್ಪ ಕಪಾಟಿನ ಪಕ್ಕದಲ್ಲಿ ನಿಂತು, ಧೋತರ ಕಚ್ಚೆ ಬಿಗಿದು, ನೆಲಕ್ಕೆ ಬಿದ್ದು ಹುಳವಾದ.

ಮೊದಲು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಗಾಬರಿ ಹೆಚ್ಚಾಗಿ ಮೂರ್ಛೆ ಬಂತೆಂದು ಫಕ್ರುಸಾಬ ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ತರುವಂತೆ ಕೂಗಿದ. ಆದರೆ ಉಳಿವೆಪ್ಪ ಬೆನ್ನು ಎತ್ತಿ ಇಳಿಸುತ್ತ ಮುಂದೆ ಹರಿದು, ಕಂಬವನ್ನು ಹತ್ತಿಗಿಡ ಮಾಡಿಕೊಂಡು ಹತ್ತಿ, ಕಾಯಿಯ ಒಳಗೆ ಮುಖ ತುರುಕಿದ. ಔಷಧಿ ಹೊಡೆಯಬೇಕು ಎಂದು ರೇಡಿಯೋ ಹೇಳಿತು. ಅವನು ಎದ್ದು ಪಂಪು ಬೆನ್ನಿಗೇರಿಸಿಕೊಂಡು ಔಷಧಿ ಹೊಡೆದ, ತಕ್ಷಣ ಕೆಳಗೆ ಬಿದ್ದು ಹುಳವಾಗಿ ಸತ್ತ. ಸಾಯುವಾಗ ಕಾಲು ಎರಡು ಸಲ ಝಾಡಿಸಿದ.

ಅನ್ನವ್ವ ಕಿಲಕಿಲ ನಕ್ಕಳು. ಅವಳ ಹಿಂದೆ ಊರೆಲ್ಲ ನಕ್ಕಿತು.

ಆಮೇಲೆ ಸಂಭಾಷಣೆ ಬಂತು. ಗೊಬ್ಬರದ ಗುಂಡಿ ತೋಡುತ್ತೇನೆಂದು ಹೇಳಿ ಮಲಗಿದ ಗಂಡ, ಅವನನ್ನು ಎಬ್ಬಿಸಿ ಬೈಯುವ ಹೆಂಡತಿ. ಉಳಿವೆಪ್ಪ ಗಂಡನಾಗಿ ಗೊರಕೆ ಹೊಡೆದ. ಎದ್ದು, ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಹೊದ್ದು, ಹೆಂಡತಿಯಾಗಿ ಸೊಂಟಕ್ಕೆ ಕೈ ಇಟ್ಟ. ಮತ್ತೆ ಮಲಗಿದ. ಮತ್ತೆ ಎದ್ದ. ಅಷ್ಟರಲ್ಲಿ ರೇಡಿಯೋದೊಳಕ್ಕೆ ಊರಗೌಡರ ದನಿ ಬಂತು. ಉಳಿವೆಪ್ಪನಿಗೆ ಊರಗೌಡರೆಂದರೆ ಒಬ್ಬರೇ ಗೊತ್ತಿದ್ದವರು. ಹೊಟ್ಟೆ ಮುಂದೆ ಮಾಡಿ, ಕಣ್ಣು ಕಿರಿದು ಮಾಡಿ, ಕಾಲು ಎಳೆಯುತ್ತ ನಡೆದ.

"ಏ, ನಾ ಹಂಗ ನಡ್ಯಂಗಿಲ್ಲ!" ಎಂದು ಮಹಾಲಿಂಗಪ್ಪನವರು ಎದ್ದರು.

"ಹಂಗ ನಡೀತೀರಿ" ಎಂದಿತು ಊರು.

"ಹಂಗಲ್ಲೋ, ಹಿಂಗ!" ಎಂದು ಅವರು ಮುಂದೆ ಬಂದು ನಡೆದು ತೋರಿಸಿದರು. ಅದು ಉಳಿವೆಪ್ಪ ತೋರಿಸಿದಂತೆಯೇ ಇತ್ತು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಬಂದದ್ದು ಬಂದಾಗಿತ್ತು, ರೇಡಿಯೋದ ಗೌಡರು ಇನ್ನೂ ಮಾತಾಡುತ್ತಿದ್ದರು. ಮಹಾಲಿಂಗಪ್ಪನವರು ಆ ಮಾತಿಗೆ ಕೈ ಬೀಸಿದರು, ಹುಬ್ಬು ಏರಿಸಿದರು, ಮಲಗಿದ್ದ ಉಳಿವೆಪ್ಪನನ್ನು ಕೋಲಿನಿಂದ ತಿವಿದರು. ಕನ್ನಡಿಯ ಮುಂದೆ ಮಾಡಿದ ಅಭ್ಯಾಸವೆಲ್ಲ ಅಂದು ಉಪಯೋಗಕ್ಕೆ ಬಂತು. ಅನ್ನವ್ವ ನಗು ತಡೆಯಲಾರದೆ ಪಕ್ಕದಲ್ಲಿದ್ದ ಸರೋಜವ್ವನ ತೊಡೆಗೆ ಹೊಡೆಯುತ್ತಿದ್ದಳು. ಯಾರ ಭುಜವನ್ನೂ ನೋಡುವ ಅಗತ್ಯ ಅವಳಿಗಿರಲಿಲ್ಲ.

ಕಾರ್ಯಕ್ರಮ ಮುಗಿಯಿತು. ಬೀಗರು ಜಗಳ ಮರೆತು ಅವಲಕ್ಕಿ ತಿಂದರು. ಫಕ್ರುಸಾಬ, ಎಲೆ ರೇಡಿಯೋದೊಳಗಿನವರಿಗೆ ಮುಟ್ಟಲಿಲ್ಲವಲ್ಲ ಎಂದು, ಆ ಪಾಲನ್ನು ಉಳಿವೆಪ್ಪನ ಕೈಗೆ ಕೊಟ್ಟ. ಬ್ಲಾಕಿನ ಸಾಹೇಬರು, ಎರಡನೇ ಹಂತವೂ ಯಶಸ್ವಿಯಾಯಿತು ಎಂದು ಹೆಂಡತಿಗೆ ಹೇಳುತ್ತ ಜೀಪು ಹತ್ತಿದರು. ಮಹಾಲಿಂಗಪ್ಪನವರು ಮಾತ್ರ ಹೋಗಲಿಲ್ಲ. ಬೆವರು ಒರೆಸಿಕೊಂಡು ಅನ್ನವ್ವನ ಮುಂದೆ ಬಂದು ನಿಂತರು. ಅವಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ತಿಳಿಯದೆ ಪಟಗ ತೆಗೆದರು, ಮತ್ತೆ ಇಟ್ಟುಕೊಂಡರು. ಆಮೇಲೆ ಬಗ್ಗಿ, ಅವಳು ಕುಳಿತಿದ್ದ ಜಾಗವನ್ನು ಅಂಗೈಯಿಂದ ತಟ್ಟಿ, ನಾಳೆಯೂ ಇಲ್ಲೇ ಎಂದು ಸನ್ನೆ ಮಾಡಿದರು. ಅನ್ನವ್ವನ ಕಣ್ಣಲ್ಲಿ ನೀರು ಬಂತು. ನೋಡುತ್ತಿದ್ದ ಉಳಿವೆಪ್ಪನಿಗೂ ಬಂತು.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಗಂಡನ ಮೈಮೇಲಿನ ಧೂಳು ಝಾಡಿಸುತ್ತ, ಊರಿಗೆಲ್ಲ ಕೇಳುವ ತನ್ನ ದನಿಯಲ್ಲಿ ಹೇಳಿದಳು.

"ಹುಳ ಚಲೋ ಮಾಡಿದ್ರಿ. ಚೇರಮನ್ರನ್ನೂ ಚಲೋ ಮಾಡಿದ್ರಿ. ಆದ್ರ ಹೇಣ್ತಿ ಆಗಾಕ ಬರಂಗಿಲ್ಲ ನಿಮಗ. ಅಷ್ಟ ಮೆತ್ತಗ ಯಾವಾಕಿ ಬೈತಾಳ? ನಾಳಿಂದ ಅದನ್ನ ನಾ ಮಾಡ್ತೇನಿ."

ಉಳಿವೆಪ್ಪ ರೇಡಿಯೋ ತೋರಿಸಿ, ಅವಳ ಕಿವಿ ಮುಟ್ಟಿ, ಒಳಗಿನವಳ ಮಾತು ನಿನಗೆ ಹೇಗೆ ತಿಳಿಯಬೇಕು ಎಂದು ಕೈ ತಿರುವಿದ.

ಅನ್ನವ್ವ ಸುತ್ತ ನಿಂತ ಹೆಂಗಸರ ಮುಖವನ್ನೆಲ್ಲ ಒಮ್ಮೆ ನೋಡಿದಳು.

"ಹೇಣ್ತಿ ಗಂಡಗ ಏನಂತಾಳ ಅಂತ ತಿಳಿಯಾಕ ಕಿವಿ ಯಾಕ ಬೇಕ್ರಿ?" ಎಂದು ಕೇಳಿ, ಅವನಿಗಿಂತ ಮುಂದಾಗಿ ಪಡಸಾಲೆಯ ಮೆಟ್ಟಿಲು ಇಳಿದಳು.